ಹುಲ್ಲುಹಾಸಿಗೂ ಬೇಕು ಒಂದು ಕುಂಟೆ

(ಕನ್ನಡ ಕಾರ್ಯಕ್ರಮದ ಭಾಷಣದ ಪೂರ್ಣಪಾಠ)

ಮನೆಯ ಮುಂದೆ ನಾಲ್ಕು ಹೆಜ್ಜೆ ಹಸಿರು ಹುಲ್ಲು ಇರಬೇಕು, ಸಂಜೆ ಅದರ ಮೇಲೆ ಬರಿಗಾಲಲ್ಲಿ ಓಡಾಡಬೇಕು ಎಂಬುದು ಬಹಳ ಜನರ ಆಸೆ. ನಮ್ಮ ಚೆನ್ನೈಯ ಉತ್ತರದ ಅಂಚಿನಲ್ಲಿರುವ ಮಣಲಿಯಂಥ ಕಡೆ ಈ ಆಸೆ ಇನ್ನಷ್ಟು ಬಲವಾಗಿರುವುದು ಸಹಜ. ಕಣ್ಣೆತ್ತಿದರೆ ಕೊಳವೆ, ಗೋಪುರ, ಟ್ಯಾಂಕರ್ ಲಾರಿಗಳ ಸಾಲು. ಮನೆಯ ಗೇಟು ದಾಟಿದ ಮೇಲಾದರೂ ಕಣ್ಣಿಗೆ ಸ್ವಲ್ಪ ತಂಪು ಬೇಡವೇ?

ಹಾಗೆಂದು ಹುಲ್ಲುಹಾಸು ಹಾಕಿಸುತ್ತೇವೆ. ಮೊದಲ ಎರಡು ವರ್ಷ ಸೊಗಸಾಗಿರುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಮಂಕು ಬಡಿಯುತ್ತದೆ. ಅಲ್ಲಲ್ಲಿ ಕಂದು ತೇಪೆಗಳು ಕಾಣಿಸಿಕೊಳ್ಳುತ್ತವೆ. ನಾವು ನೀರು ಹೆಚ್ಚು ಬಿಡುತ್ತೇವೆ. ಅದೂ ಸಾಲದೆಂದು ಒಂದಿಷ್ಟು ಯೂರಿಯಾ ಎರಚುತ್ತೇವೆ. ಹತ್ತು ದಿನ ಹಸಿರು, ಆಮೇಲೆ ಮತ್ತೆ ಅದೇ ಕಂದು. ಕೊನೆಗೆ ಬೇಸತ್ತು ಹುಲ್ಲನ್ನೆಲ್ಲ ಕಿತ್ತು ಟೈಲ್ಸ್ ಹಾಕಿಸಿಬಿಡುತ್ತೇವೆ.

ಇಂಥ ಹುಲ್ಲುಹಾಸಿನಲ್ಲಿ ಬಹಳ ಸಲ ಹುಲ್ಲಿಗೆ ಹಸಿವೂ ಇರುವುದಿಲ್ಲ, ನಾವು ಕೊಟ್ಟ ನೀರಿಗೆ ಕೊರತೆಯೂ ಇರುವುದಿಲ್ಲ. ತನ್ನದೇ ಸತ್ತ ಕಾಂಡ, ಸತ್ತ ಬೇರುಗಳ ಅಡಿಯಲ್ಲಿ ಅದು ಉಸಿರುಕಟ್ಟಿ ಕುಳಿತಿರುತ್ತದೆ. ಆ ಸತ್ತ ಪದರವನ್ನು ಗೀರಿ ಹೊರತೆಗೆಯುವ ಉಪಕರಣಕ್ಕೆ ಸ್ಕಾರಿಫೈಯರ್ ಎಂದು ಹೆಸರು. ಅದನ್ನು ಯಾವಾಗ ಬಳಸಬೇಕು, ಹೇಗೆ ಬಳಸಬೇಕು, ಯಾವಾಗ ಮುಟ್ಟಲೇಬಾರದು ಎಂಬುದನ್ನು ಇಂದು ನೋಡೋಣ.

ನಮ್ಮ ರೈತರಿಗೆ ಈ ವಿಚಾರ ಹೊಸದಲ್ಲ. ರಾಗಿ, ಜೋಳದ ಹೊಲದಲ್ಲಿ ಪೈರು ಗೇಣುದ್ದ ಬಂದಾಗ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಾರೆ. ಕಳೆ ಸಾಯುತ್ತದೆ, ಹೆಪ್ಪುಗಟ್ಟಿದ ಮೇಲ್ಮಣ್ಣು ಒಡೆಯುತ್ತದೆ, ಗಾಳಿ ಆಡುತ್ತದೆ, ಬಿದ್ದ ಮಳೆ ಒಳಗಿಳಿಯುತ್ತದೆ. ಸ್ಕಾರಿಫೈಯರ್ ಎಂದರೆ ಹುಲ್ಲುಹಾಸಿನ ಎಡೆಕುಂಟೆ ಎಂದು ತಿಳಿದುಕೊಂಡರೆ ಅರ್ಧ ವಿಷಯ ತಿಳಿದಂತೆ.

ಮೊದಲು ಆ ಸತ್ತ ಪದರ ಏನೆಂದು ನೋಡೋಣ. ಹಸಿರು ಎಲೆಗೂ ಮಣ್ಣಿಗೂ ನಡುವೆ ಕಂದು ಬಣ್ಣದ, ನಾರುನಾರಾದ, ತೆಂಗಿನ ನಾರಿನ ಚಾಪೆಯಂಥ ಒಂದು ಹಾಸು ಇರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಥ್ಯಾಚ್ ಎನ್ನುತ್ತಾರೆ. ಗುಡಿಸಲಿಗೆ ಹೊದಿಸುವ ಹುಲ್ಲಿಗೂ ಅದೇ ಹೆಸರು. ಮಲೆನಾಡಿನ ಸೋಗೆ ಮನೆಗಳನ್ನು ನೋಡಿದವರಿಗೆ ಈ ಹೋಲಿಕೆ ತಟ್ಟನೆ ಅರ್ಥವಾಗುತ್ತದೆ. ಸೋಗೆಯ ಕೆಲಸವೇ ಮಳೆಯನ್ನು ಕೆಳಗೆ ಬಿಡದಿರುವುದು. ಹುಲ್ಲುಹಾಸಿನ ಮೇಲೆ ಕೂತ ಸೋಗೆಯೂ ಅದನ್ನೇ ಮಾಡುತ್ತದೆ. ಒಣಗಿದ್ದಾಗ ಅದು ನೀರನ್ನು ಒಳಗೆ ಬಿಡದೆ ಪಕ್ಕಕ್ಕೆ ಹರಿಸುತ್ತದೆ. ನೆನೆದಾಗ ಸ್ಪಂಜಿನಂತೆ ನೀರನ್ನೆಲ್ಲ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಸಂದರ್ಭದಲ್ಲಿ ಕೆಳಗಿನ ಮಣ್ಣಿಗೆ ಸಿಗುವುದು ಅಷ್ಟಕ್ಕಷ್ಟೆ.

ಆಗ ಹುಲ್ಲು ಏನು ಮಾಡುತ್ತದೆ? ನೀರು ಎಲ್ಲಿದೆಯೋ ಅಲ್ಲಿಗೆ ಬೇರು ಹೋಗುತ್ತದೆ. ಮಣ್ಣಿಗಿಳಿಯುವ ಬದಲು ಈ ಕಂದು ಹಾಸಿನೊಳಗೇ ಬೇರು ಹರಡುತ್ತದೆ. ಬೇಸಿಗೆಯ ಎರಡು ದಿನದ ಬಿಸಿಲಿಗೆ ಆ ಹಾಸು ಒಣಗಿದರೆ ಬೇರಿಗೆ ಬೇರೆ ಆಸರೆಯಿಲ್ಲ. ನಾವು ನೋಡುವ ಕಂದು ತೇಪೆಗಳಿಗೆ ಇದೂ ಒಂದು ಕಾರಣ. ಮಳೆಗಾಲದಲ್ಲಿ ಅದೇ ಹಾಸು ದಿನಗಟ್ಟಲೆ ಒದ್ದೆಯಾಗಿದ್ದು ಬೂಷ್ಟು ರೋಗಗಳಿಗೂ ಹುಳುಗಳಿಗೂ ಮನೆಯಾಗುತ್ತದೆ.

ಕತ್ತರಿಸಿದ ಹುಲ್ಲಿನ ಚೂರುಗಳನ್ನು ಅಲ್ಲೇ ಬಿಡುವುದರಿಂದ ಈ ಪದರ ಬೆಳೆಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಅಷ್ಟು ಸರಿಯಲ್ಲ. ಎಲೆಯ ಚೂರಿನಲ್ಲಿ ಹೆಚ್ಚಿನ ಪಾಲು ನೀರು. ಅದು ಬೇಗ ಕೊಳೆತು ಮಣ್ಣಾಗುತ್ತದೆ. ಕೊಳೆಯದೆ ಉಳಿಯುವುದು ಗಡುಸಾದ ಕಾಂಡ, ಹಂಬು ಮತ್ತು ಬೇರು. ಇವು ಕೊಳೆಯುವ ವೇಗಕ್ಕಿಂತ ಹುಟ್ಟುವ ವೇಗ ಹೆಚ್ಚಾದಾಗ ಪದರ ದಪ್ಪವಾಗುತ್ತದೆ. ಹುಟ್ಟುವ ವೇಗವನ್ನು ಹೆಚ್ಚಿಸುವುದು ಅತಿಯಾದ ಸಾರಜನಕ. ಕೊಳೆಯುವ ವೇಗವನ್ನು ಕುಗ್ಗಿಸುವುದು ಗಾಳಿಯಾಡದ ಗಟ್ಟಿ ಮಣ್ಣು ಮತ್ತು ಎರೆಹುಳುಗಳನ್ನು ಕೊಲ್ಲುವ ಕೀಟನಾಶಕ.

ಇಲ್ಲಿ ಮಣಲಿಯ ಮಾತು ಬರುತ್ತದೆ. ಈ ಊರು ಎರಡು ಹಳೆಯ ಕಾರ್ಖಾನೆಗಳಿಂದ ಹೆಸರಾದದ್ದು. ಒಂದು, ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಲ್ಲಿ 1969ರಲ್ಲಿ ಕೆಲಸ ಆರಂಭಿಸಿದ, ಇಂದು ಚೆನ್ನೈ ಪೆಟ್ರೋಲಿಯಂ ಎಂದು ಕರೆಸಿಕೊಳ್ಳುವ ಎಣ್ಣೆ ಶುದ್ಧೀಕರಣ ಘಟಕ. ಇನ್ನೊಂದು, 1966ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಉತ್ಪಾದನೆ ಶುರುಮಾಡಿದ ಮದ್ರಾಸ್ ಫರ್ಟಿಲೈಸರ್ಸ್. ಅಂದರೆ ದಕ್ಷಿಣದ ಗದ್ದೆಗಳಿಗೆ ಹೋಗುವ ಯೂರಿಯಾ ತಯಾರಾಗುವ ಊರಿನಲ್ಲಿಯೇ ನಮ್ಮ ಹುಲ್ಲುಹಾಸು ಇದೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಭತ್ತಕ್ಕೆ ಅದು ಬೇಕು, ಏಕೆಂದರೆ ಭತ್ತವನ್ನು ಕೊಯ್ದು ಒಯ್ಯುತ್ತೇವೆ. ಹುಲ್ಲುಹಾಸಿನಿಂದ ನಾವು ಒಯ್ಯುವುದು ಬಹಳ ಕಡಿಮೆ. ಹಾಕಿದ್ದೆಲ್ಲ ಕಾಂಡವಾಗಿ, ಹಂಬಾಗಿ ಅಲ್ಲೇ ಕೂರುತ್ತದೆ. ಹುಲ್ಲು ಕಂದಾಯಿತೆಂದು ಹಿಡಿ ಹಿಡಿಯಾಗಿ ಯೂರಿಯಾ ಎರಚುವವರು ಆ ಕಂದಿನ ಕಾರಣವನ್ನೇ ಸಾಕುತ್ತಿದ್ದಾರೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಇನ್ನು ನೀರಿನ ಲೆಕ್ಕ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಒಂದು ಹುಲ್ಲುಹಾಸು ಇದೆಯೆನ್ನಿ. ಅದು ಸುಮಾರು 56 ಚದರ ಮೀಟರ್. ವಾರಕ್ಕೆ ಒಂದು ಅಂಗುಲದಷ್ಟು ನೀರು ಕೊಟ್ಟರೆ 1,400 ಲೀಟರ್ ಆಯಿತು. ಮನೆಗೆ ತರಿಸುವ 20 ಲೀಟರ್ ಕ್ಯಾನಿನ ಲೆಕ್ಕದಲ್ಲಿ 70 ಕ್ಯಾನು. ಇದರಲ್ಲಿ ಒಂದು ಪಾಲು ಸೋಗೆಯ ಮೇಲಿಂದ ಹರಿದು ಚರಂಡಿಗೆ ಹೋದರೆ, ಇನ್ನೊಂದು ಪಾಲು ಮೇಲೆಯೇ ಆವಿಯಾದರೆ, ಬೇರಿಗೆ ಸಿಕ್ಕಿದ್ದೆಷ್ಟು?

ಚೆನ್ನೈಯಲ್ಲಿ ಇದು ಬರೀ ಬಿಲ್ಲಿನ ಪ್ರಶ್ನೆಯಲ್ಲ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬತ್ತಿದ್ದವು. ಆ ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮಣಲಿಯ ದೊಡ್ಡ ಕಾರ್ಖಾನೆಗಳೇ ಕೊಡುಂಗೈಯೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಮತ್ತೆ ಶೋಧಿಸಿ ಬಳಸುತ್ತವೆ. ಅಂಥ ಊರಿನಲ್ಲಿ ನಲ್ಲಿಯ ನೀರನ್ನು ಸತ್ತ ಹುಲ್ಲಿಗೆ ಕುಡಿಸುವುದು ನ್ಯಾಯವಲ್ಲ. ಹುಲ್ಲುಹಾಸು ಇಟ್ಟುಕೊಳ್ಳುವ ಹಕ್ಕು ನಮಗಿರಬೇಕಾದರೆ, ಕಡಿಮೆ ನೀರಿನಲ್ಲಿ ಅದನ್ನು ಬದುಕಿಸುವ ಜವಾಬ್ದಾರಿಯೂ ನಮ್ಮದೇ.

ಉಪ್ಪಿನ ವಿಷಯವೂ ಇದೆ. ಮಿಂಜೂರಿನ ಕಡೆಯ ಅಂತರ್ಜಲಕ್ಕೆ ಸಮುದ್ರದ ಉಪ್ಪು ನೀರು ನುಗ್ಗಿರುವುದು ದಶಕಗಳಿಂದ ತಿಳಿದ ಸಂಗತಿ. ಈ ಸೀಮೆಯಲ್ಲಿ ಬೋರ್‌ವೆಲ್ ನೀರು ಬಳಸುವವರ ಹುಲ್ಲುಹಾಸಿನಲ್ಲಿ ಉಪ್ಪು ಸೇರುತ್ತಾ ಹೋಗಬಹುದು. ಮಳೆನೀರು ಆಳಕ್ಕಿಳಿದರೆ ಮಾತ್ರ ಆ ಉಪ್ಪು ಬೇರಿನ ಮಟ್ಟದಿಂದ ಕೆಳಗೆ ತೊಳೆದುಹೋಗುತ್ತದೆ. ಅದಕ್ಕೂ ದಾರಿ ಬಿಡಿಸಬೇಕು.

ಹಾಗೆಂದು ಎಲ್ಲ ಹುಲ್ಲುಹಾಸಿಗೂ ಸ್ಕಾರಿಫೈಯರ್ ಬೇಕಿಲ್ಲ. ಮೊದಲು ಪರೀಕ್ಷೆ ಮಾಡಿ. ಒಂದು ಹಳೆಯ ಚಾಕುವಿನಿಂದ ಮೂರು ಅಂಗುಲ ಆಳಕ್ಕೆ, ಕೇಕಿನ ತುಂಡಿನಂತೆ ಹುಲ್ಲನ್ನು ಮಣ್ಣುಸಹಿತ ಕತ್ತರಿಸಿ ಎತ್ತಿ. ಪಕ್ಕದಿಂದ ನೋಡಿದರೆ ಮೇಲೆ ಹಸಿರು, ಕೆಳಗೆ ಮಣ್ಣು, ನಡುವೆ ಕಂದು ನಾರು. ಆ ನಾರಿನ ಪದರವನ್ನು ಮಕ್ಕಳ ಸ್ಕೇಲಿನಿಂದ ಅಳೆಯಿರಿ. ಅರ್ಧ ಅಂಗುಲದ ಒಳಗಿದ್ದರೆ ಚಿಂತೆಯಿಲ್ಲ. ತೆಳುವಾದ ಪದರ ಒಳ್ಳೆಯದೇ. ಅದು ಮಣ್ಣಿನ ತೇವ ಕಾಪಾಡುತ್ತದೆ, ಕಾಲ್ತುಳಿತಕ್ಕೆ ಮೆತ್ತೆಯಾಗುತ್ತದೆ. ಅರ್ಧ ಅಂಗುಲ ದಾಟಿದ್ದರೆ, ನಡೆದಾಗ ಹಾಸಿಗೆಯ ಮೇಲೆ ನಡೆದಂತೆ ಕಾಲು ಹೂತುಹೋಗುತ್ತಿದ್ದರೆ, ಕೆಲಸಕ್ಕೆ ಕೈಹಾಕಬೇಕು. ಎತ್ತಿದ ತುಂಡನ್ನು ಮತ್ತೆ ಅಲ್ಲೇ ಕೂರಿಸಿ ನೀರು ಹಾಕಿದರೆ ಅದು ಹತ್ತಿಕೊಳ್ಳುತ್ತದೆ.

ಉಪಕರಣಗಳು ಮೂರು ಬಗೆ. ಮೊದಲನೆಯದು ಕೈ ಹಲುಬೆ. ಬೀಸಣಿಗೆಯಂತೆ ಹರಡಿದ, ಬಾಗುವ ತಂತಿ ಹಲ್ಲುಗಳು ಇದಕ್ಕಿರುತ್ತವೆ. ಚಿಕ್ಕ ಹುಲ್ಲುಹಾಸಿಗೆ, ತೆಳು ಪದರಕ್ಕೆ ಇದೇ ಸಾಕು. ರಟ್ಟೆಗೆ ಒಳ್ಳೆಯ ವ್ಯಾಯಾಮ. ಎರಡನೆಯದು ವಿದ್ಯುತ್ ಯಂತ್ರ. ಒಳಗೆ ಒಂದು ಉರುಳೆ, ಅದರ ಸುತ್ತ ನೇರವಾಗಿ ನಿಂತ ಬ್ಲೇಡುಗಳು. ಉರುಳೆ ತಿರುಗಿದಾಗ ಬ್ಲೇಡುಗಳು ಪದರವನ್ನು ಸೀಳಿ ಕಸವನ್ನು ಮೇಲಕ್ಕೆ ಎಳೆಯುತ್ತವೆ. ಮೂರನೆಯದು ಪೆಟ್ರೋಲ್ ಯಂತ್ರ. ಇದು ಮೈದಾನಗಳಿಗೆ ಸರಿ. ಕ್ರಿಕೆಟ್ ಮೈದಾನ, ಗಾಲ್ಫ್ ಅಂಗಳಗಳಲ್ಲಿ ಹೀಗೆ ನೇರ ಬ್ಲೇಡಿನಿಂದ ಸೀಳುವುದು ನಿತ್ಯದ ಆರೈಕೆಯ ಒಂದು ಭಾಗ. ಮನೆಗೆ ಯಂತ್ರ ಬೇಕೆನಿಸಿದರೆ ನಾಲ್ಕೈದು ಮನೆಯವರು ಸೇರಿ ಕೊಳ್ಳುವುದು ಜಾಣತನ. ವರ್ಷಕ್ಕೆ ಒಂದು ದಿನ ಬೇಕಾಗುವ ವಸ್ತುವಿದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಚಾರ, ಕಾಲ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಏಪ್ರಿಲ್ ಅಥವಾ ಸೆಪ್ಟೆಂಬರ್ ಎಂದು ಬರೆದಿದ್ದರೆ ಅದನ್ನು ಪಕ್ಕಕ್ಕಿಡಿ. ಅದು ಇಂಗ್ಲೆಂಡಿನಂಥ ತಣ್ಣನೆಯ ದೇಶದ ಲೆಕ್ಕ. ಮನೆಯ ಹುಲ್ಲುಹಾಸಿನ ಶೋಕಿಯೇ ಅಲ್ಲಿಂದ ಬಂದದ್ದು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರ ಕಂಡುಹಿಡಿದದ್ದೂ ಅಲ್ಲೇ, ಗ್ಲೌಸ್ಟರ್‌ಶೈರಿನಲ್ಲಿ. ಅಲ್ಲಿನ ಹುಲ್ಲಿನ ಜಾತಿ ಬೇರೆ, ಅದು ಚಿಗುರುವ ಕಾಲ ಬೇರೆ. ಮಣಲಿಯಲ್ಲಿ ಏಪ್ರಿಲ್‌ನಲ್ಲಿ ಹುಲ್ಲನ್ನು ಗೀರಿದರೆ, ಅದರ ಹಿಂದೆಯೇ ಮೇ ತಿಂಗಳ ಅಗ್ನಿ ನಕ್ಷತ್ರ ಬರುತ್ತದೆ. ಗಾಯದ ಮೇಲೆ ಬರೆ ಎಳೆದಂತೆ.

ಒಂದು ಸೂತ್ರ ನೆನಪಿಡಿ. ಹುಲ್ಲು ಹುರುಪಿನಿಂದ ಬೆಳೆಯುತ್ತಿರುವಾಗ ಮಾತ್ರ ಗೀರಬೇಕು, ಮುಂದೆ ಕನಿಷ್ಠ ಆರು ವಾರ ಒಳ್ಳೆಯ ಬೆಳವಣಿಗೆಯ ಕಾಲ ಇರಬೇಕು. ಚೆನ್ನೈಗೆ ವರ್ಷಕ್ಕೆ ಸರಾಸರಿ 1,400 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮುಂಗಾರಿನಲ್ಲಿ ಬೀಳುತ್ತದೆ. ಆ ಜಡಿಮಳೆಯಲ್ಲಿ ಗೀರಿದರೆ ಮಣ್ಣೇ ಕೊಚ್ಚಿಹೋಗುತ್ತದೆ. ಹಾಗಾಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ ಇಲ್ಲಿಗೆ ಅತ್ಯುತ್ತಮ. ಬಿಸಿಲಿನ ಕಾವು ಇಳಿದಿರುತ್ತದೆ, ಸಂಜೆಯ ಗುಡುಗು ಮಳೆ ಆಗಾಗ ಬರುತ್ತದೆ, ದೊಡ್ಡ ಮಳೆಗೆ ಮುನ್ನ ಚೇತರಿಸಿಕೊಳ್ಳಲು ಸಮಯವಿರುತ್ತದೆ. ಅದು ತಪ್ಪಿದರೆ ಫೆಬ್ರವರಿಯ ಮೊದಲ ಭಾಗದಲ್ಲಿ ಹಗುರವಾಗಿ ಮಾಡಬಹುದು. ಬೆಂಗಳೂರು, ಮೈಸೂರುಗಳಲ್ಲಿ ಮನೆಯಿರುವ ಕೇಳುಗರಿಗೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಸರಿ. ಅಲ್ಲಿನ ಡಿಸೆಂಬರ್, ಜನವರಿಯ ಚಳಿಯಲ್ಲಿ ಬೇಡ.

ನಿಮ್ಮದು ಯಾವ ಹುಲ್ಲು ಎಂದು ತಿಳಿದಿರಬೇಕು. ಗಣಪತಿಗೆ ಏರಿಸುವ ಗರಿಕೆಯ ಜಾತಿಯದಾದರೆ ಭಯವಿಲ್ಲ. ಗರಿಕೆಗೆ ನೆಲದ ಮೇಲೂ ಹಂಬು, ನೆಲದೊಳಗೂ ಕಾಂಡ. ಮೇಲಿನದನ್ನು ಸೀಳಿದರೂ ಒಳಗಿನಿಂದ ಚಿಗುರುತ್ತದೆ. ನರ್ಸರಿಯವರು ಬಫೆಲೋ ಗ್ರಾಸ್ ಎಂದು ಕೊಡುವ ಅಗಲ ಎಲೆಯ ಹುಲ್ಲಿಗೆ ಹಂಬು ಮಾತ್ರ ಆಧಾರ. ಅದನ್ನು ಒಂದೇ ದಿಕ್ಕಿನಲ್ಲಿ, ಬ್ಲೇಡುಗಳ ನಡುವೆ ಸುಮಾರು ಮೂರು ಅಂಗುಲ ಅಂತರವಿಟ್ಟು, ಒಮ್ಮೆ ಮಾತ್ರ ಗೀರಬೇಕು. ಅಡ್ಡಡ್ಡ ಗೀರಿದರೆ ಹಂಬುಗಳೆಲ್ಲ ತುಂಡಾಗಿ ನೆಲ ಬೋಳಾಗುತ್ತದೆ. ಕೊರಿಯನ್ ಹುಲ್ಲು ನಡುವಿನದು. ತಡೆದುಕೊಳ್ಳುತ್ತದೆ, ಆದರೆ ಚೇತರಿಕೆ ನಿಧಾನ. ತಾಳ್ಮೆ ಬೇಕು.

ಇನ್ನು ಕೆಲಸದ ಕ್ರಮ. ಎರಡು ದಿನ ಮುಂಚೆ ಚೆನ್ನಾಗಿ ನೀರು ಬಿಡಿ. ಕೆಲಸದ ದಿನ ಮಣ್ಣು ಒಳಗೆ ತೇವವಾಗಿರಬೇಕು, ಮೇಲೆ ಹುಲ್ಲು ಒಣಗಿರಬೇಕು. ವಾರದ ಮುಂಚಿನಿಂದ ಎರಡು ಹಂತದಲ್ಲಿ ಹುಲ್ಲನ್ನು ಕತ್ತರಿಸಿ ಸುಮಾರು ಒಂದು ಅಂಗುಲಕ್ಕೆ ಇಳಿಸಿ. ಒಂದೇ ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಸ್ಪ್ರಿಂಕ್ಲರ್, ನಲ್ಲಿಯ ಕೊಳವೆ, ಕಲ್ಲು, ತಂತಿ ಎಲ್ಲೆಲ್ಲಿವೆಯೋ ಅಲ್ಲಿ ಕಡ್ಡಿ ನೆಟ್ಟು ಗುರುತು ಮಾಡಿ.

ಯಂತ್ರವನ್ನು ಮೊದಲು ಎತ್ತರದ ಅಳತೆಗಿಟ್ಟು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಬ್ಲೇಡು ಕಂದು ಪದರವನ್ನು ಸೀಳಿ ಮಣ್ಣನ್ನು ಎರಡು ಮೂರು ಮಿಲಿಮೀಟರ್ ಸೋಕಿದರೆ ಸಾಕು. ಇದು ಉಳುಮೆಯಲ್ಲ, ಗೀರುವುದು ಮಾತ್ರ. ನಿಲ್ಲಿಸದೆ, ಒಂದೇ ನಡಿಗೆಯಲ್ಲಿ ನೇರ ಸಾಲು ಹೋಗಿ. ಒಂದೇ ಕಡೆ ನಿಂತರೆ ಅಲ್ಲಿ ಗುಂಡಿ ಬೀಳುತ್ತದೆ. ಗರಿಕೆಯಾದರೆ ಎರಡನೆಯ ಸುತ್ತು ಓರೆಯಾಗಿ ಹೋಗಬಹುದು. ಪದರ ಒಂದು ಅಂಗುಲ ದಪ್ಪವಿದ್ದರೆ ಎಲ್ಲವನ್ನೂ ಒಂದೇ ವರ್ಷ ತೆಗೆಯುವ ಆತುರ ಬೇಡ. ಎರಡು ವರ್ಷಕ್ಕೆ ಹಂಚಿಕೊಳ್ಳಿ.

ಸುರಕ್ಷತೆಯ ಮಾತು. ವಿದ್ಯುತ್ ಯಂತ್ರವನ್ನು ಒದ್ದೆ ಹುಲ್ಲಿನ ಮೇಲೆ ಎಂದೂ ಓಡಿಸಬೇಡಿ. ಈಎಲ್‌ಸಿಬಿ ಇರುವ ಪ್ಲಗ್‌ನಿಂದಲೇ ವಿದ್ಯುತ್ ತೆಗೆದುಕೊಳ್ಳಿ. ವೈರು ಸದಾ ನಿಮ್ಮ ಹಿಂದೆ ಇರಲಿ. ಚಪ್ಪಲಿ ಸಲ್ಲದು, ಗಟ್ಟಿ ಬೂಟು ಮತ್ತು ಕನ್ನಡಕ ಬೇಕು. ಬ್ಲೇಡಿಗೆ ಕಸ ಸಿಕ್ಕಿಕೊಂಡರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಕೈಹಾಕಿ. ಮಕ್ಕಳು ಹತ್ತಿರ ಬೇಡ.

ಮುಗಿಸಿದ ಮೇಲೆ ನಿಮ್ಮ ಹುಲ್ಲುಹಾಸನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅರ್ಧ ಬೋಳು, ಮೇಲೆಲ್ಲ ಕಂದು ಕಸದ ರಾಶಿ. ಮನೆಯವರು ಇದೇನು ಮಾಡಿಟ್ಟಿರಿ ಎಂದು ಕೇಳಬಹುದು. ಗಾಬರಿ ಬೇಡ. ಹೊರಬರುವ ಕಸ ನೀವು ಊಹಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಗುಡಿಸಿ ಗೋಣಿಗೆ ತುಂಬಿ. ದಯವಿಟ್ಟು ಸುಡಬೇಡಿ, ಈ ಊರಿನ ಗಾಳಿಗೆ ಇನ್ನಷ್ಟು ಹೊಗೆ ಬೇಕಾಗಿಲ್ಲ. ಅಡುಗೆಮನೆಯ ಹಸಿ ಕಸದ ಜೊತೆ ಪದರ ಪದರವಾಗಿ ಸೇರಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಕಳೆನಾಶಕ ಸಿಂಪಡಿಸಿದ ಹುಲ್ಲಾದರೆ ಮಾತ್ರ ಗೊಬ್ಬರಕ್ಕೆ ಬಳಸಬೇಡಿ.

ಅದೇ ದಿನ ಮೇಲ್ಮಣ್ಣು ಹರಡಿ. ಜರಡಿ ಹಿಡಿದ ಕಾಂಪೋಸ್ಟ್ ಮತ್ತು ಉಪ್ಪಿಲ್ಲದ ಮರಳು ಸಮಸಮ. ನಾಲ್ಕು ಮಿಲಿಮೀಟರ್ ದಪ್ಪಕ್ಕೆ, ಆಗಲೇ ಹೇಳಿದ ಅಳತೆಯ ಹುಲ್ಲುಹಾಸಿಗೆ 20 ಲೀಟರಿನ ಸುಮಾರು ಹನ್ನೊಂದು ಬಕೆಟ್ ಬೇಕಾಗುತ್ತದೆ. ಪೊರಕೆಯಿಂದ ಗೀರುಗಳೊಳಗೆ ಇಳಿಯುವಂತೆ ಗುಡಿಸಿ. ಕಾಂಪೋಸ್ಟಿನ ಜೀವಾಣುಗಳು ಉಳಿದ ಕಂದು ಪದರವನ್ನು ಕೊಳೆಯಿಸುವ ಕೆಲಸ ಮುಂದುವರಿಸುತ್ತವೆ. ಬೋಳಾದ ಕಡೆ ಅಂಚಿನಿಂದ ನಾಲ್ಕು ಹಂಬು ತಂದು ನೆಡಿ.

ಮೊದಲ ವಾರ ದಿನವೂ ಹಗುರವಾಗಿ ನೀರು. ಆಮೇಲೆ ವಾರಕ್ಕೆ ಎರಡೇ ಸಲ, ಆದರೆ ಆಳಕ್ಕಿಳಿಯುವಂತೆ, ಬೆಳಗಿನ ಜಾವ. ಎರಡು ವಾರದ ನಂತರ ಬೇಕಿದ್ದರೆ ಯೂರಿಯಾ, ಚದರ ಮೀಟರಿಗೆ ಐದು ಗ್ರಾಂ ಮೀರದಂತೆ. ಆ ಇಡೀ ಹುಲ್ಲುಹಾಸಿಗೆ ಕಾಲು ಕಿಲೋ ಸಾಕು. ಹಾಕಿದ ಕೂಡಲೇ ನೀರು ಬಿಡಿ. ಮೂರು ವಾರ ಯಾರೂ ತುಳಿಯದಿರಲಿ. ಗರಿಕೆಯಾದರೆ ನಾಲ್ಕೈದು ವಾರಕ್ಕೆ ತುಂಬಿಕೊಳ್ಳುತ್ತದೆ. ಎರೆಹುಳುಗಳ ಹಿಕ್ಕೆಯ ಗುಡ್ಡೆಗಳು ಕಂಡರೆ ಸಂತೋಷಪಡಿ. ಅವು ಸಂಬಳವಿಲ್ಲದೆ ವರ್ಷವಿಡೀ ನಡೆಯುವ ಸ್ಕಾರಿಫೈಯರ್‌ಗಳು.

ಯಾರು ಮಾಡಬಾರದು ಎಂದೂ ಹೇಳಬೇಕು. ಹಾಕಿ ಒಂದು ವರ್ಷವಾಗದ ಹುಲ್ಲಿಗೆ ಬೇಡ. ನೀರಿನ ಬರ ಇರುವಾಗ ಬೇಡ, ಏಕೆಂದರೆ ಗೀರಿದ ಹುಲ್ಲಿಗೆ ಮೊದಲ ವಾರಗಳಲ್ಲಿ ನೀರು ಬೇಕೇ ಬೇಕು. ಮರದ ದಟ್ಟ ನೆರಳಲ್ಲಿ ಸೊರಗಿದ ಹುಲ್ಲಿಗೂ ಬೇಡ, ಅದರ ರೋಗ ಬೇರೆ. ನೆರೆ ಬಂದು ಹೋದ ಮೇಲೆ ತಕ್ಷಣ ಬೇಡ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಉತ್ತರ ಚೆನ್ನೈಯ ತಗ್ಗು ಪ್ರದೇಶಗಳಲ್ಲಿ ನೀರು ದಿನಗಟ್ಟಲೆ ನಿಂತಿತ್ತು, ಎಣ್ಣೂರು ಹಿನ್ನೀರಿನ ಕಡೆ ನೆರೆಯ ಜೊತೆ ಎಣ್ಣೆಯೂ ಹರಡಿತ್ತು. ಅಂಥ ಸಂದರ್ಭದಲ್ಲಿ ಮೊದಲು ಕೆಸರು ತೆಗೆದು, ಮಣ್ಣು ಆರಲು ಬಿಡಬೇಕು. ಎಣ್ಣೆ ಸೋಕಿದ ಮೇಲ್ಮಣ್ಣಾದರೆ ಗೀರಿ ಪ್ರಯೋಜನವಿಲ್ಲ. ಅದನ್ನು ಬದಲಿಸುವುದೇ ದಾರಿ.

ಕೇಳುಗರೇ, ಹುಲ್ಲುಹಾಸನ್ನು ಕಿತ್ತು ಟೈಲ್ಸ್ ಹಾಕಿದರೆ ಒಂದು ತೊಂದರೆ ತಪ್ಪಿತು ಎನಿಸಬಹುದು. ಆದರೆ ಅದೇ ಅಂಗಳದಲ್ಲಿ ಇಂಗಬೇಕಾಗಿದ್ದ ನವೆಂಬರಿನ ಮಳೆ ಆಗ ಬೀದಿಗೆ ಹರಿಯುತ್ತದೆ, ತಗ್ಗಿನ ಮನೆಗೆ ನುಗ್ಗುತ್ತದೆ. ಗೀರಿ, ಮರಳು ಗೊಬ್ಬರ ಹರಡಿದ ಹುಲ್ಲುಹಾಸು ಅದೇ ಮಳೆಯಲ್ಲಿ ಒಂದು ಪಾಲನ್ನು ನೆಲಕ್ಕೆ ಇಳಿಸುತ್ತದೆ. ಆದ್ದರಿಂದ ಈ ಸಲ ಹುಲ್ಲು ಮಂಕಾಗಿ ಕಂಡಾಗ ನಲ್ಲಿಯ ಕಡೆಗೋ ಯೂರಿಯಾದ ಚೀಲದ ಕಡೆಗೋ ಕೈ ಚಾಚುವ ಮೊದಲು ಒಂದು ಹಳೆಯ ಚಾಕು ತೆಗೆದುಕೊಂಡು ಮೂರು ಅಂಗುಲ ಕತ್ತರಿಸಿ ನೋಡಿ. ಏನು ಮಾಡಬೇಕೆಂದು ಆ ತುಂಡೇ ಹೇಳುತ್ತದೆ.